ಬೂದಿ ದಿಬ್ಬದ ಸುತ್ತಲಿನ ಊರು

ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೊರಟರೆ ಕುಡತಿನಿ ಸಿಗುತ್ತದೆ. ಕುಡತಿನಿ ಅಂದ ಕೂಡಲೇ ನಿಮಗೆ ನೆನಪಾಗುವುದು ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಅದರ ಚಿಮಣಿ, ಅದರ ಹಾರುಬೂದಿ. ಆದರೆ ಬೂದಿಯ ವಿಷಯದಲ್ಲಿ ಕುಡತಿನಿಗೆ ಹೆಸರು ಬಂದದ್ದು ಸ್ಥಾವರದಿಂದ ಅಲ್ಲ. ಅಲ್ಲಿ ಹೊಸ ಶಿಲಾಯುಗದ ಬೂದಿ ದಿಬ್ಬ ಒಂದಿದೆ. ನ್ಯೂಬೋಲ್ಡ್ ಎಂಬ ಮದ್ರಾಸು ಸೇನೆಯ ಅಧಿಕಾರಿ 1830ರ ದಶಕದಲ್ಲೇ ಈ ಸೀಮೆಯ ದಿಬ್ಬಗಳ ಬಗ್ಗೆ ಬರೆದಿದ್ದಾನೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ, ಆಚೆಗೆ ಅನಂತಪುರ, ಕರ್ನೂಲು, ಮಹಬೂಬ್‌ನಗರ, ಇಷ್ಟು ಸೀಮೆಯಲ್ಲಿ ಇಂಥ ದಿಬ್ಬಗಳು ನೂರಕ್ಕೂ ಮಿಕ್ಕಿ ಇವೆ. ಪ್ರಪಂಚದಲ್ಲಿ ಬೇರೆ ಕಡೆ ಹುಡುಕಿದರೂ ಈ ಗಾತ್ರದವು, ಇಷ್ಟು ಸಂಖ್ಯೆಯಲ್ಲಿ ಸಿಗುವುದು ಕಷ್ಟ. ನಮ್ಮವರು ಬೂದಿಗುಡ್ಡ ಅನ್ನುತ್ತಾರೆ, ಬೂದಿ ದಿಬ್ಬ ಅನ್ನುತ್ತಾರೆ. ಬೂದಿಹಾಳ, ಬೂದಿಗುಂಟೆ ಅಂತ ಊರುಗಳೇ ಇವೆ.

ಹೊರಗಿನಿಂದ ನೋಡಿದರೆ ಇದರಲ್ಲಿ ನೋಡುವಂಥದ್ದು ಏನೂ ಇಲ್ಲ. ಜಾಲಿ ಬೆಳೆದ ಒಂದು ಮಣ್ಣಿನ ಗುಪ್ಪೆ. ಯಾರೋ ಗಾಡಿ ಹೂಡಿ ಒಂದು ಪಕ್ಕ ಕಡಿದುಕೊಂಡು ಹೋಗಿದ್ದರೆ ಆಗ ನಿಂತು ನೋಡಬೇಕು. ಕಡಿದ ಗೋಡೆಯಲ್ಲಿ ಪದರ ಪದರವಾಗಿ ಕಾಣುತ್ತದೆ. ಕೆಳಗೆ ಹಿಟ್ಟಿನಷ್ಟು ನಯವಾದ ಬೂದಿ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಅದರ ಮೇಲೆ ಕಂದು ಬಣ್ಣದ ಪದರ, ಪೂರ್ತಿ ಸುಡದೆ ಉಳಿದ ಸಗಣಿ. ಅದರ ಮೇಲೆ ಕಿಟ್ಟ. ಕಮ್ಮಾರನ ಕುಲುಮೆಯ ಕಿಟ್ಟ ನೋಡಿದವರಿಗೆ ಇದು ಅದೇ ಅನಿಸುತ್ತದೆ: ಕಪ್ಪು, ಬೂದು, ಕೆಲವು ಕಡೆ ಹಸಿರು ಛಾಯೆ, ಮೈತುಂಬ ಗುಳ್ಳೆ. ಕೈಗೆತ್ತಿಕೊಂಡರೆ ಗಾತ್ರಕ್ಕೆ ತಕ್ಕ ಭಾರ ಇಲ್ಲ. ಮುರಿದ ಮುಖದಲ್ಲಿ ಹುಲ್ಲುಕಡ್ಡಿ ಒತ್ತಿದ ಗೆರೆ ಸಿಗುವುದೂ ಉಂಟು. ಮತ್ತೆ ಬೂದಿ, ಮತ್ತೆ ಸಗಣಿ, ಮತ್ತೆ ಕಿಟ್ಟ. ಅಂದರೆ ಒಂದು ಸಲ ಸುಟ್ಟು ಬಿಟ್ಟದ್ದಲ್ಲ. ಪೇರಿಸಿದ್ದಾರೆ, ಸುಟ್ಟಿದ್ದಾರೆ, ಮತ್ತೆ ಅದೇ ಜಾಗದಲ್ಲಿ ಪೇರಿಸಿದ್ದಾರೆ.

ಇದು ಏನು ಅನ್ನುವುದಕ್ಕೆ ಎಷ್ಟು ಉತ್ತರ ಬಂದಿವೆ ನೋಡಿ. ಹಂಪಿ ಹತ್ತಿರ ನಿಂಬಾಪುರದಲ್ಲಿ ಇರುವ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅಂತ ತೋರಿಸುತ್ತಾರೆ. ಬೇರೆ ಕಡೆ ರಕ್ಕಸರನ್ನು ಸುಟ್ಟ ಬೂದಿ ಅನ್ನುತ್ತಾರೆ. ಇಂಗ್ಲಿಷರು ಬಂದ ಮೇಲೆ ಉತ್ತರಗಳ ಬಣ್ಣ ಬದಲಾಯಿತು. ನ್ಯೂಬೋಲ್ಡ್ 1836ರಲ್ಲಿ ಬರೆದ ಟಿಪ್ಪಣಿ ಇದನ್ನು ಜ್ವಾಲಾಮುಖಿಯ ಕಿಟ್ಟ ಅಂತ ಕರೆಯಿತು. ಆಮೇಲೆ ಬಂದವರಲ್ಲಿ ಕೆಲವರು ಯುದ್ಧದಲ್ಲಿ ಸತ್ತವರ ಸಾಮೂಹಿಕ ಚಿತೆ ಅಂದರು, ಸಹಗಮನದ ಬೂದಿ ಅಂದರು, ಕಬ್ಬಿಣದ ಕುಲುಮೆ ಅಂದರು, ಗಾಜು ಮಾಡುವ ಜಾಗ ಅಂದರು. ನನ್ನನ್ನು ಕೇಳಿದರೆ ಇಷ್ಟರಲ್ಲಿ ವಾಲಿಯ ಕತೆಯೇ ವಾಸಿ. ಏನನ್ನೋ ದೊಡ್ಡದನ್ನು ಜನ ಸೇರಿ, ವಿಧಿಪೂರ್ವಕ ಸುಟ್ಟಿದ್ದಾರೆ ಅನ್ನುವ ಮಟ್ಟಿಗೆ ಅದು ಸರಿಯಾಗಿದೆ. ಜ್ವಾಲಾಮುಖಿಯ ವಾದಕ್ಕೆ ಆ ಮಟ್ಟಿಗಿನ ಸತ್ಯವೂ ಇರಲಿಲ್ಲ.

ಸರಿಯಾದ ದಿಕ್ಕು ಹಿಡಿದವರು ರಾಬರ್ಟ್ ಬ್ರೂಸ್ ಫೂಟ್. ಭೂಗರ್ಭ ಸರ್ವೇಕ್ಷಣೆಯ ನೌಕರ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಎತ್ತಿಕೊಂಡವರು ಇವರೇ. ಕಲ್ಲು ನೋಡಿ ನೋಡಿ ಕಣ್ಣು ಪಳಗಿದ್ದ ಮನುಷ್ಯ. ಬಳ್ಳಾರಿ ಸೀಮೆಯಲ್ಲಿ ನೆಲದ ನಕ್ಷೆ ಮಾಡುತ್ತಾ ತಿರುಗುವಾಗ ದಿಬ್ಬಗಳ ಹತ್ತಿರ ನಯಗೊಳಿಸಿದ ಕಲ್ಲಿನ ಕೊಡಲಿ, ಬೋಕಿ ಅಂದರೆ ಒಡೆದ ಮಡಕೆಯ ಚೂರು, ದನದ ಎಲುಬು ಬಿದ್ದಿರುವುದನ್ನು ಗಮನಿಸಿದರು. ಇದು ದನದ ದೊಡ್ಡಿಯ ಸಗಣಿ ಸುಟ್ಟದ್ದು ಅಂದರು. ಆಗ ಅದನ್ನು ಒಪ್ಪಿದವರು ಕಡಿಮೆ. ಸಗಣಿ ಸುಟ್ಟರೆ ಕಿಟ್ಟ ಆಗುತ್ತದೆಯೇ ಅನ್ನುವುದು ಎಲ್ಲರ ಪ್ರಶ್ನೆ. ಕುಳ್ಳು, ಅಂದರೆ ಬೆರಣಿ, ಉರಿಸಿ ಅಡುಗೆ ಮಾಡಿದ ನಮ್ಮ ಅಜ್ಜಿಯರೂ ಅದನ್ನೇ ಕೇಳುತ್ತಿದ್ದರು, ಅವರ ಒಲೆಯಲ್ಲಿ ಯಾವತ್ತೂ ಕಿಟ್ಟ ಕಂಡಿಲ್ಲವಲ್ಲ.

ಆ ಪ್ರಶ್ನೆಗೆ ಉತ್ತರ ಹುಲ್ಲಿನಲ್ಲಿದೆ. ದನ ತಿನ್ನುವ ಹುಲ್ಲಿನ ಒಳಗೆ ಸಿಲಿಕಾ ಇರುತ್ತದೆ, ಮರಳಿನಲ್ಲಿ ಇರುವ ಅದೇ ವಸ್ತು. ಹುಲ್ಲಿನ ಅಂಚು ಕೈ ಕೊಯ್ಯುವುದು ಅದರಿಂದಲೇ. ಹೊಟ್ಟೆಯಲ್ಲಿ ಅದು ಜೀರ್ಣವಾಗುವುದಿಲ್ಲ, ಸಗಣಿಯಲ್ಲಿ ಹಾಗೇ ಬರುತ್ತದೆ. ಬೂದಿಯಲ್ಲಿ ಕ್ಷಾರ ಇದ್ದೇ ಇದೆ. ಸಿಲಿಕಾ ಮತ್ತು ಕ್ಷಾರ ಸೇರಿ ಸಾಕಷ್ಟು ಬಿಸಿಯಾದರೆ ಗಾಜಿನ ಹಾಗೆ ಕರಗುತ್ತದೆ. ಒಲೆಯ ಕುಳ್ಳಿಗೆ ಅಷ್ಟು ಶಾಖ ಬರುವುದಿಲ್ಲ. ಆಳೆತ್ತರದ ರಾಶಿಗೆ ಬೆಂಕಿ ಇಟ್ಟು, ಗಾಳಿ ಆಡುವಂತೆ ಬಿಟ್ಟು, ದಿನಗಟ್ಟಲೆ ಉರಿಸಿದರೆ ಬರುತ್ತದೆ. 1960ರ ಹೊತ್ತಿಗೆ ಲಂಡನ್ನಿನ ವಿಜ್ಞಾನಿ ಝೋಯ್ನರ್ ಈ ಕಿಟ್ಟವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಇದು ಸಗಣಿಯದ್ದೇ ಅಂತ ತೋರಿಸಿದರು.

ಆದರೆ ನನ್ನ ಮಟ್ಟಿಗೆ ಜಗಳ ತೀರಿದ್ದು ಪ್ರಯೋಗಾಲಯದಲ್ಲಿ ಅಲ್ಲ, ಅದಕ್ಕೂ ಮೊದಲು, 1957ರಲ್ಲಿ, ಆಗಿನ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ. ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಲ್ಲಿನ ಬೂದಿ ದಿಬ್ಬವನ್ನು ಅಗೆದರು. ದಿಬ್ಬವನ್ನು ನೋಡುವುದು ಬಿಟ್ಟು ದಿಬ್ಬದ ಅಡಿ ಏನಿದೆ, ಅಂಚಿನಲ್ಲಿ ಏನಿದೆ ಅಂತ ನೋಡಿದರು. ಮರದ ಕಂಬ ನೆಟ್ಟ ಗುಳಿಗಳು ಸಾಲಾಗಿ ಸಿಕ್ಕವು. ಸಾಲು ಬಳಸಿಕೊಂಡು ಹೋಗಿ ಒಂದು ಆವರಣ ಆಯಿತು. ಒಳಗೆ ದನ ಕೂಡುವ ದೊಡ್ಡಿ, ಹೊರಗೆ ಮನುಷ್ಯರ ವಾಸ. ಬೇಲಿ ಸುಟ್ಟುಹೋಗಿದೆ, ಮತ್ತೆ ಕಟ್ಟಿದ್ದಾರೆ, ಮತ್ತೆ ಸುಟ್ಟಿದೆ. ಪದರಗಳ ನಡುವೆ ಒಂದು ಕಡೆ ನೆಲದ ಮೇಲೆ ದನದ ಗೊರಸಿನ ಗುರುತು. ಸೀಳು ಗೊರಸು, ಒದ್ದೆ ನೆಲದಲ್ಲಿ ಊರಿದ್ದು, ಮೇಲೆ ಬೂದಿ ಬಿದ್ದು ಮುಚ್ಚಿ ಉಳಿದದ್ದು. ನೂರಿಪ್ಪತ್ತು ವರ್ಷ ಪಂಡಿತರು ಜ್ವಾಲಾಮುಖಿ, ಕುಲುಮೆ, ಚಿತೆ ಅಂತ ವಾದ ಮಾಡುತ್ತಿದ್ದಾಗಲೂ ಆ ಗೊರಸು ಅಲ್ಲಿಯೇ ಇತ್ತು.

ಇಲ್ಲಿಯೇ ನಾನು ಇವತ್ತು ಹೇಳಬೇಕೆಂದಿರುವ ಮಾತು ಇದೆ. ದಿಬ್ಬವನ್ನು ಮಾತ್ರ ದಿಟ್ಟಿಸಿದವರು ಎಲ್ಲರೂ ದಾರಿ ತಪ್ಪಿದರು. ಸುತ್ತ ನೋಡಿದವರಿಗೆ ಸಿಕ್ಕಿತು. ಊರಿನ ಗುರುತು ಒಂದು ವಸ್ತುವಿನಲ್ಲಿ ಇರುವುದಿಲ್ಲ. ದಿಬ್ಬ, ಗುಡ್ಡ, ನೀರು, ಹೊಲ, ಇವುಗಳ ನಡುವಿನ ನಡಿಗೆಯ ದೂರದಲ್ಲಿ ಇರುತ್ತದೆ.

ಈಗ ಸುಟ್ಟದ್ದು ಯಾಕೆ ಅಂತ ಕೇಳುತ್ತೀರಿ. ಕೇಳಲೇಬೇಕು. ಗೊಬ್ಬರ ಅಂದರೆ ರೈತನಿಗೆ ಹೊನ್ನು. ಯಾರಾದರೂ ತಿಪ್ಪೆಗೆ ಬೆಂಕಿ ಇಡುತ್ತಾರೆಯೇ? ಕೆಲವರು ರೋಗ, ಉಣ್ಣೆ ಹುಳ, ನೊಣದ ಕಾಟ ಕಳೆಯಲು ಸುಟ್ಟರು ಅನ್ನುತ್ತಾರೆ. ಇರಬಹುದು, ಆದರೆ ಅದಕ್ಕೆ ಇಷ್ಟು ಎತ್ತರ ಪೇರಿಸಿ ಕಾಯಬೇಕಿಲ್ಲ. ಆಲ್ಚಿನ್ ಅವರ ಊಹೆ ಬೇರೆ. ಮಂಡ್ಯ, ಮೈಸೂರು ಕಡೆ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರಲ್ಲ, ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹುಲ್ಲಿನ ಬೆಂಕಿಯ ಮೇಲೆ ಓಡಿಸುತ್ತಾರೆ. ದನ, ಬೆಂಕಿ ಮತ್ತು ವರ್ಷದ ಒಂದು ಗೊತ್ತಾದ ದಿನ ಸೇರಿದ ಇಂಥ ಹಬ್ಬಗಳ ಬೇರು ಬೂದಿ ದಿಬ್ಬಗಳ ಕಾಲಕ್ಕೆ ಹೋಗಬಹುದು ಅಂದರು ಅವರು. ನೇರ ಸರಪಣಿ ತೋರಿಸುವುದು ಸಾಧ್ಯವಿಲ್ಲ, ನಾಲ್ಕು ಸಾವಿರ ವರ್ಷ ಅಂದರೆ ಸಣ್ಣ ಅಂತರವಲ್ಲ. ಆದರೂ ಈ ಊಹೆ ನನಗೆ ಹಿಡಿಸುತ್ತದೆ, ಯಾಕೆಂದರೆ ಅದು ದನವನ್ನು ಬರೀ ಆಸ್ತಿ ಅಂತ ನೋಡುವುದಿಲ್ಲ. ಮೊಳಕಾಲ್ಮೂರು, ಚಳ್ಳಕೆರೆ ಕಡೆಯವರು ಇಲ್ಲಿ ಇದ್ದರೆ ಅವರಿಗೆ ಗೊತ್ತು: ದನ ಸಾಕುವ ಮ್ಯಾಸಬೇಡರ ದೇವರ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ. ಕಿಲಾರಿಗಳು ಕಾಯುತ್ತಾರೆ, ಹಟ್ಟಿಯ ದೇವರ ಹೆಸರಿನಲ್ಲಿ ಮೇಯಿಸುತ್ತಾರೆ. ಹಿಂಡಿನ ಲೆಕ್ಕವೇ ಹಟ್ಟಿಯ ಮರ್ಯಾದೆ. ಅಂಥ ಜನಕ್ಕೆ ತಮ್ಮ ಹಿಂಡಿನ ಸಗಣಿಯ ರಾಶಿ ಎಷ್ಟು ಎತ್ತರ ಏರಿತು ಅನ್ನುವುದೂ ಮರ್ಯಾದೆಯ ವಿಷಯವೇ ಆಗಿದ್ದೀತು. ಈಚಿನ ಕೆಲವು ಸಂಶೋಧಕರು ಈ ದಿಬ್ಬಗಳನ್ನು ಕಸದ ಗುಡ್ಡೆ ಅನ್ನದೆ ಸ್ಮಾರಕ ಅನ್ನುತ್ತಿರುವುದು ಇದೇ ಕಾರಣಕ್ಕೆ. ಬಯಲಿನಲ್ಲಿ ದೂರದಿಂದ ಕಾಣಲಿ ಅಂತಲೇ ಬೆಳೆಸಿದ್ದು.

ಬಹಳ ಕಾಲ ಒಂದು ತಕರಾರು ಉಳಿದಿತ್ತು. ಇವರು ಅಲೆಮಾರಿ ದನಗಾಹಿಗಳು, ದಿಬ್ಬಗಳು ಮಳೆಗಾಲ ಮುಗಿದ ಮೇಲೆ ಕಾಡಿನಲ್ಲಿ ಹಾಕಿದ ಬಿಡಾರ, ಊರು ಬೇರೆ ಕಡೆ ಇತ್ತು ಅನ್ನುವ ವಾದ. ಅದಕ್ಕೆ ಉತ್ತರ ಕೊಟ್ಟದ್ದು ಸುರಪುರ ತಾಲ್ಲೂಕಿನ ಬೂದಿಹಾಳ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ಅಲ್ಲಿ ಹಲವು ಋತು ಉತ್ಖನನ ನಡೆಸಿದರು. ದಿಬ್ಬದ ಪಕ್ಕದಲ್ಲೇ ದೊಡ್ಡಿ, ದೊಡ್ಡಿಯ ಪಕ್ಕದಲ್ಲೇ ಮನೆಗಳ ನೆಲಗಟ್ಟು, ಕಲ್ಲಿನ ಆಯುಧ ಮಾಡಿದ ಜಾಗ. ಪ್ರಾಣಿಗಳನ್ನು ಕೊಯ್ದು ಮಾಂಸ ಹಂಚಿದ ಒಂದು ಅಂಗಳ, ಎಲುಬು ಮತ್ತು ಕಡಿಯುವ ಕಲ್ಲುಗಳು ಅಲ್ಲಲ್ಲೇ ಬಿದ್ದಿದ್ದವು. ಮಡಕೆಯಲ್ಲಿಟ್ಟು ಹೂಳಿದ ಎಳೆ ಮಕ್ಕಳು. ಅಲೆಮಾರಿ ಬಿಡಾರದಲ್ಲಿ ಇಷ್ಟೆಲ್ಲ ಇರುವುದಿಲ್ಲ. ಒಂದು ಮನೆತನ ತನ್ನ ಮಗುವನ್ನು ಮನೆಯ ಹತ್ತಿರ ಹೂಳುತ್ತದೆ ಅಂದರೆ ಆ ಮನೆತನ ಮತ್ತೆ ಅಲ್ಲಿಗೇ ಬರುತ್ತದೆ. ಬೂದಿಹಾಳದ ಕಾಲ ಕ್ರಿ.ಪೂ. 2300ರಿಂದ 1700ರ ಆಸುಪಾಸು. ಉತ್ತರದಲ್ಲಿ ಹರಪ್ಪಾದ ಇಟ್ಟಿಗೆಯ ನಗರಗಳು ಏಳಿಗೆಯಲ್ಲಿದ್ದು ಕುಸಿದ ಕಾಲವೂ ಅದೇ. ನಮ್ಮವರು ಇಟ್ಟಿಗೆ ಸುಡಲಿಲ್ಲ, ಸಗಣಿ ಸುಟ್ಟರು ಅಂತ ತಮಾಷೆ ಮಾಡಬಹುದು. ಆದರೆ ನೂರಾರು ವರ್ಷ ಒಂದೇ ಜಾಗಕ್ಕೆ ನಿಷ್ಠೆಯಿಂದ ರಾಶಿ ಹಾಕುವುದಕ್ಕೂ ಕಟ್ಟುಪಾಡು ಬೇಕು.

ಸುತ್ತ ನೋಡುವುದು ಅಂದೆನಲ್ಲ, ಅದಕ್ಕೆ ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪಗಲ್ಲಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ನಗರದಿಂದ ಆರೇಳು ಕಿಲೋಮೀಟರು. ಫೂಟ್ 1872ರಲ್ಲಿ ಹುಡುಕಿದ ಜಾಗ. ಸುಬ್ಬರಾವ್ 1940ರ ದಶಕದಲ್ಲಿ ಅಗೆದರು, 60ರ ದಶಕದಲ್ಲಿ ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಅಗೆದರು. ಈ ಶತಮಾನದ ಮೊದಲ ದಶಕದಲ್ಲಿ ಧಾರವಾಡದ ರವಿ ಕೋರಿಶೆಟ್ಟರ್, ಅವರ ಜೊತೆ ನಿಕೋಲ್ ಬೊಯಿವಿನ್, ಡೋರಿಯನ್ ಫುಲ್ಲರ್ ಮೊದಲಾದವರು ಇಡೀ ಗುಡ್ಡಸಾಲನ್ನೇ ಒಂದು ಊರು ಅಂತ ನೋಡಿದರು.

ಅಲ್ಲಿ ಹಿರೇಗುಡ್ಡದ ಮೇಲೆ ಕಣಶಿಲೆಯ, ಅಂದರೆ ಗ್ರಾನೈಟಿನ, ನಡುವೆ ಕರಿಗಲ್ಲಿನ ಒಂದು ಎಳೆ ಹಾದುಹೋಗಿದೆ, ಡಾಲರೈಟು. ಕೊಡಲಿಗೆ ಅದೇ ಕಲ್ಲು ಆಗಬೇಕು. ಗುಡ್ಡದ ಮೇಲೆ ಚಕ್ಕೆ ಎಬ್ಬಿಸಿದ ಜಾಗದಲ್ಲಿ ಕಾಲಿಟ್ಟರೆ ಮಣ್ಣಿಗಿಂತ ಚಕ್ಕೆ ಜಾಸ್ತಿ. ಒರಟು ಆಕಾರ ತೆಗೆದ ಕೊಡಲಿಯನ್ನು ಪಕ್ಕದ ಕಣಶಿಲೆಯ ಮೇಲೆ ಮರಳು, ನೀರು ಹಾಕಿ ಮಸೆದಿದ್ದಾರೆ. ಮಸೆದ ಗುಳಿಗಳು ಇವತ್ತಿಗೂ ಇವೆ, ಅಂಗೈಯಿಟ್ಟು ಸವರಿದರೆ ಒಳಗಿನ ಮೈ ಕನ್ನಡಿಯಷ್ಟು ನುಣುಪು, ಹೊರಗಿನದು ಒರಟು. ಆ ಊರಿನ ಅಗತ್ಯಕ್ಕೆ ಇಷ್ಟು ಕೊಡಲಿ ಬೇಕಿರಲಿಲ್ಲ. ಮಾಡಿ ಹೊರಗೆ ಕೊಡುತ್ತಿದ್ದರು ಅಂತಲೇ ಅರ್ಥ.

ಕುಪಗಲ್ಲಿನ ಅದೇ ಕರಿ ಬಂಡೆಗಳ ಮೇಲೆ ಚಿತ್ರಗಳಿವೆ. ಬಣ್ಣದವಲ್ಲ, ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದವು. ಉದ್ದ ಕೊಂಬಿನ, ಬೆನ್ನಿನ ಇಣಿ (ಡುಬ್ಬ) ಎದ್ದ ಗೂಳಿಗಳೇ ಎಲ್ಲಕ್ಕಿಂತ ಹೆಚ್ಚು. ನಡುನಡುವೆ ಮನುಷ್ಯರು. ಕೆಲವು ಬಂಡೆಗಳಲ್ಲಿ ಕುಟ್ಟಿ ಕುಟ್ಟಿಯೇ ಗುಳಿ ಬಿದ್ದಿದೆ, ಅಲ್ಲಿ ಚಿತ್ರವೇನೂ ಇಲ್ಲ. ಆ ಗುಳಿಗೆ ಗುಂಡುಕಲ್ಲಿನಿಂದ ಬಡಿದರೆ ಬಂಡೆ ಜಾಗಟೆಯ ಹಾಗೆ ನಾದ ಕೊಡುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಇದನ್ನು ಬರೆದಿಟ್ಟಿದ್ದರು, ಆಮೇಲೆ ಮರೆತೇ ಹೋಗಿತ್ತು, ಬೊಯಿವಿನ್ ಅವರ ತಂಡ ಮತ್ತೆ ಗುರುತಿಸಿತು. ಕೆಳಗೆ ಬಯಲಿನಲ್ಲಿ ದಿಬ್ಬ ಉರಿಯುವಾಗ ಮೇಲೆ ಬಂಡೆ ಬಾರಿಸುತ್ತಿದ್ದರೇ? ನನಗೆ ಹಾಗೆ ಅಂದುಕೊಳ್ಳಲು ಇಷ್ಟ. ಪುರಾವೆ ಕೇಳಬೇಡಿ.

ಊಟದ ವಿಷಯಕ್ಕೆ ಪುರಾವೆ ಇದೆ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಸುಟ್ಟು ಕರಿಕಾದ ಕಾಳು ಮೇಲೆ ತೇಲುತ್ತದೆ. ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಫುಲ್ಲರ್ ಗುರುತು ಹಿಡಿದರು. ಹುರುಳಿ, ಹೆಸರು, ಕೊರಲೆ. ಈಗ ಸಿರಿಧಾನ್ಯದ ಅಂಗಡಿಯಲ್ಲಿ ಕೊರಲೆಗೆ ಬೆಲೆ ಕೇಳಿದರೆ ಬೆವರು ಬರುತ್ತದೆ, ಈ ಜನರ ದಿನದ ಕೂಳು ಅದು. ಜೋಳ ಆಫ್ರಿಕಾದಿಂದ ಆಮೇಲೆ ಬಂದ ಬೆಳೆ, ಇವರಿಗೆ ರೊಟ್ಟಿ ಸಿಕ್ಕಿರಲಿಲ್ಲ. ಹುರುಳಿ ಮತ್ತು ಕೊರಲೆ ಎರಡೂ ಇಲ್ಲಿಯ ಮಸಾರಿ ನೆಲದ, ಕಡಿಮೆ ಮಳೆಯ ಬೆಳೆಗಳು. ಬೇಸಾಯವನ್ನು ನಮಗೆ ಎಲ್ಲಿಂದಲೋ ಯಾರೋ ತಂದುಕೊಟ್ಟರು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಇಷ್ಟೆಲ್ಲ ಸಾಕ್ಷಿ ಇರುವ ದಿಬ್ಬಗಳ ಗತಿ ಏನಾಗಿದೆ ಗೊತ್ತೇ? ರೈತರು ಗಾಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ, ಬೂದಿ ತುಂಬಿಕೊಂಡು ಹೊಲಕ್ಕೆ ಹಾಕಿದ್ದಾರೆ. ಒಳ್ಳೆಯ ಗೊಬ್ಬರ, ಪುಕ್ಕಟೆ. ನಾನು ಇದಕ್ಕೆ ರೈತರನ್ನು ಬೈಯುವವನಲ್ಲ. ಬೂದಿಯನ್ನು ಹೊಲಕ್ಕೆ ಹಾಕುವುದು ಬೂದಿಯ ಸಹಜ ದಾರಿ, ಮತ್ತೆ ಅವರಿಗೆ ಇದು ಏನು ಅಂತ ಯಾರು ಹೇಳಿದ್ದರು? ಕಲ್ಲು ಗಣಿಯವರ ಮಾತು ಬೇರೆ. ಕುಪಗಲ್ಲಿನ ಚಿತ್ರಬಂಡೆಗಳ ಹತ್ತಿರದವರೆಗೂ ಕಲ್ಲು ಒಡೆದಿದ್ದಾರೆ. ನಿಧಿಗಳ್ಳರು ಇನ್ನೂ ಕೆಟ್ಟವರು, ಅವರಿಗೆ ಹೊಟ್ಟೆಪಾಡಿನ ನೆವವೂ ಇಲ್ಲ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ, ಜನ ಮೋರೇರ ಗುಡ್ಡ ಅನ್ನುತ್ತಾರಲ್ಲ ಅಲ್ಲಿ, ಕಬ್ಬಿಣ ಯುಗದ ಗೋರಿಗಳಾದ ಕಲ್ಲುಮನೆಗಳ ಹಾಸುಗಲ್ಲನ್ನೇ ಕಿತ್ತು ಅಗೆದಿರುವುದನ್ನು ಕಾಣಬಹುದು. ಆ ಕಾಲದವರ ಹತ್ತಿರ ಹೂತಿಡಲು ಕೊಪ್ಪರಿಗೆ ಹೊನ್ನು ಎಲ್ಲಿತ್ತು? ಇದ್ದದ್ದು ಮಡಕೆ, ಎಲುಬು, ಕಬ್ಬಿಣದ ತುಂಡು.

ಕರ್ನಾಟಕದಲ್ಲಿ ಪ್ರಾಚೀನ ಸ್ಮಾರಕಗಳ ಕಾಯ್ದೆ 1961ರಿಂದ ಇದೆ. ಆದರೆ ಗುಡಿಗೆ ಫಲಕ ಹಾಕುವುದು ಸುಲಭ, ಬೂದಿ ದಿಬ್ಬಕ್ಕೆ ಫಲಕ ಹಾಕಿದರೆ ಓದುವವರೇ ನಗುತ್ತಾರೆ. ಆದ್ದರಿಂದ ನಿಮ್ಮ ಊರಿನ ಸೀಮೆಯನ್ನು ನೀವೇ ಒಮ್ಮೆ ಓದಿ. ಅದಕ್ಕೆ ಗುದ್ದಲಿ ಬೇಡ, ಬೇಡವೇ ಬೇಡ. ಉತ್ತ ಮೇಲೆ, ಮೊದಲ ಮಳೆ ಬಿದ್ದ ಮಾರನೆಯ ದಿನ ಹೋಗಿ. ಕೆಂಪು ಮಸಾರಿ ಹೊಲದ ನಡುವೆ ಒಂದೆಡೆ ಮಾತ್ರ ಬೂದು ಮಣ್ಣು ಕಾಣುತ್ತದೆಯೇ? ಮಳೆ ತೊಳೆದ ಬೋಕಿ ಸಿಗುತ್ತದೆಯೇ? ಕೈಯಿಂದ ಮಾಡಿದ ಒರಟು ಬೂದು ಬಣ್ಣದ್ದೋ, ಒಳಗೆ ಕಪ್ಪು ಹೊರಗೆ ಕೆಂಪು ನುಣುಪಿನದ್ದೋ ನೋಡಿ. ಮೊದಲನೆಯದು ದಿಬ್ಬದವರದ್ದು, ಎರಡನೆಯದು ಸಾಮಾನ್ಯವಾಗಿ ಕಬ್ಬಿಣ ಬಂದ ಮೇಲಿನವರದ್ದು. ಫೋಟೋ ತೆಗೆಯಿರಿ, ಸರ್ವೆ ನಂಬರು ಬರೆದುಕೊಳ್ಳಿ, ಅಲ್ಲೇ ಬಿಡಿ. ಜೇಬಿಗೆ ಹಾಕಿಕೊಂಡ ಬೋಕಿ ಬರೀ ಬೋಕಿ, ಅದು ಬಿದ್ದಿದ್ದ ಜಾಗದಲ್ಲೇ ಅದರ ಬೆಲೆ.

ಇನ್ನೂ ಈಚಿನ ಊರುಗಳ ಗುರುತು ಬೇಕಾದರೆ ಗ್ರಾಮ ನಕ್ಷೆ ತರಿಸಿ. ಕಂದಾಯದ ಕಡತದಲ್ಲಿ ಬೇಚರಾಕ್ ಗ್ರಾಮ ಅಂತ ಇರುತ್ತದೆ, ಹೆಸರಿದೆ, ಸೀಮೆಯಿದೆ, ಒಬ್ಬ ಮನುಷ್ಯನೂ ಇಲ್ಲ. ಬರ, ಪ್ಲೇಗು, ದಂಡಿನ ಹಾವಳಿ, ಬಾವಿ ಬತ್ತಿದ್ದು, ಕಾರಣ ಯಾವುದಾದರೂ ಇರಬಹುದು. ಅಲ್ಲಿಗೆ ಹೋದರೆ ಹೊಲದ ನಡುವೆ ಒಂಟಿ ಆಂಜನೇಯನ ಗುಡಿ, ಹಾಳು ಬಾವಿ, ಅರ್ಧ ಕುಸಿದ ಹುಡೇವು, ಅಂದರೆ ಕಾವಲು ಬುರುಜು, ಸಿಗಬಹುದು. ನೇಗಿಲು ಇದ್ದಕ್ಕಿದ್ದಂತೆ ಕುಸಿದರೆ ಅದು ಹಗೇವು, ಕಾಳು ತುಂಬಿಡುತ್ತಿದ್ದ ನೆಲಗುಳಿ. ಬಿಟ್ಟುಹೋದವರ ಮೊಮ್ಮಕ್ಕಳು ಪಕ್ಕದ ಊರಿನಲ್ಲೇ ಇದ್ದು, ವರ್ಷಕ್ಕೊಮ್ಮೆ ಆ ಗುಡಿಗೆ ಕಾಯಿ ಒಡೆಯಲು ಬರುವುದೂ ಉಂಟು. ಅವರನ್ನು ಮಾತಿಗೆ ಎಳೆಯಿರಿ, ಯಾವ ಓಣಿ ಎಲ್ಲಿತ್ತು ಅಂತ ಕೇಳಿ, ಬರೆದುಕೊಳ್ಳಿ.

ದಿಬ್ಬ ಹಾಕುವುದನ್ನು ನಿಲ್ಲಿಸಿದ್ದು ಯಾಕೆ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಸಂಗನಕಲ್ಲಿನ ಸಣ್ಣರಾಚಮ್ಮ ಗುಡ್ಡದಲ್ಲಿ ಇದಕ್ಕೆ ಒಂದು ಸುಳಿವಿದೆ. ಅಲ್ಲಿ ಕೆಳಗೆ ಬೂದಿಯ ಪದರ, ಅದರ ಮೇಲೆ ಊರಿನ ಪದರ. ಕ್ರಿ.ಪೂ. 1700ರ ಆಸುಪಾಸಿಗೆ ರಾಶಿ ಹಾಕಿ ಸುಡುವುದು ನಿಂತು, ಅದೇ ನೆಲದ ಮೇಲೆ ಮನೆಗಳು ಎದ್ದಿವೆ. ಬೇಸಾಯ ಹೆಚ್ಚಿತು, ಕೊಡಲಿಯ ಕಸುಬು ಬೆಳೆಯಿತು, ಹೊರಗಿನಿಂದ ಗೋಧಿ, ಜವೆ (ಬಾರ್ಲಿ) ಕೂಡ ಸ್ವಲ್ಪ ಬಂತು. ಹೊಲ ದೊಡ್ಡದಾದ ಮೇಲೆ ಸಗಣಿಗೆ ಬೇರೆ ಕೆಲಸ ಸಿಕ್ಕಿರಬೇಕು ಅನ್ನುವುದು ನನ್ನ ಅನುಮಾನ. ದನ ಕಮ್ಮಿಯಾಗಲಿಲ್ಲ, ಬಂಡೆಯ ಮೇಲೆ ಗೂಳಿ ಬರೆಯುವುದೂ ನಿಲ್ಲಲಿಲ್ಲ. ಕ್ರಿ.ಪೂ. 1200ರ ಹೊತ್ತಿಗೆ ಗುಡ್ಡದ ಮೇಲಿನ ಮನೆಗಳನ್ನೂ ಬಿಟ್ಟು ಜನ ಕೆಳಗೆ ಇಳಿದರು. ಎಲ್ಲಿ ಇಳಿದರು ಅನ್ನುವುದನ್ನು ಹುಡುಕಬೇಕಾದರೆ ಗುಡ್ಡ ಬಿಟ್ಟು ಬಯಲಿನ ಹೊಲಗಳನ್ನು ನೋಡಬೇಕು, ಅಂದರೆ ನಿಮ್ಮ ಹೊಲಗಳನ್ನು. ನಾಳೆ ಕುಪಗಲ್ಲಿಗೆ ಬರುವವರು ಬೆಳಗ್ಗೆ ಆರಕ್ಕೆ ಬಸ್ ಹತ್ತಿರ ಇರಿ, ಹತ್ತರ ಮೇಲೆ ಬಂಡೆ ಕಾದು ನಿಲ್ಲಲು ಆಗುವುದಿಲ್ಲ. ನೀರು ತನ್ನಿ. ನಾದದ ಬಂಡೆಗೆ ಬಡಿಯಲು ಕಬ್ಬಿಣದ ಸುತ್ತಿಗೆ ತರಬೇಡಿ, ಚಿಕ್ಕ ಗುಂಡುಕಲ್ಲಿನಿಂದ ಮೆಲ್ಲಗೆ ತಟ್ಟಿದರೂ ಕೇಳುತ್ತದೆ.